ಎತ್ತು ಮಾಡುವುದೇ ಬೇರೆ, ಗಂಡಸರ ಆಪರೇಷನ್ನೇ ಬೇರೆ



ಹೋರಿಗರುವಿಗೆ ಬೀಜ ಒಡೆಸುವ ದಿನ ಹೆಂಗಸರು ಸೆರಗು ಬಾಯಿಗಿಟ್ಟುಕೊಂಡು ಒಳಗೆ ಹೋಗುವುದು ನಮ್ಮಲ್ಲಿ ರೂಢಿ. ಆದರೆ ಆ ಕರುವನ್ನು ಸಾಕಿದವರು ನೀವು. ಆಮೇಲೆ ಊದಿಕೊಂಡ ಜಾಗ ನೋಡಿಕೊಳ್ಳುವವರೂ ನೀವೇ. ಹಾಗಾಗಿ ಈ ಸಲ ನಾಚಿಕೆ ಬಿಟ್ಟು ಈ ಮಾತು ಆಡೋಣ. ಇದಕ್ಕೆ ಇನ್ನೊಂದು ಕಾರಣವೂ ಇದೆ. ಕೊಟ್ಟಿಗೆಯ ಈ ಕೆಲಸವನ್ನು ಗಂಡಸರ ಸಂತಾನ ನಿಯಂತ್ರಣ ಆಪರೇಷನ್ ಜೊತೆ ಸೇರಿಸಿ ಗೊಂದಲ ಮಾಡಿಕೊಂಡಿರುವುದರಿಂದ, ಮನೆಮನೆಯಲ್ಲಿ ಹೊಟ್ಟೆ ಕೊಯ್ಯಿಸಿಕೊಳ್ಳುವ ಪಾಳಿ ಹೆಂಗಸರಿಗೇ ಬರುತ್ತಿದೆ.

ಮೊದಲು ಕೊಟ್ಟಿಗೆಯ ಮಾತು. ಗಂಡು ಪ್ರಾಣಿಯ ಬೀಜಕ್ಕೆ ಎರಡು ಕೆಲಸ. ಒಂದು, ವೀರ್ಯಾಣು ತಯಾರಿಸುವುದು. ಅದು ಸಣ್ಣ ನಾಳದ ಮೂಲಕ ಹೊರಗೆ ಬರುತ್ತದೆ. ಎರಡನೆಯದು, ಟೆಸ್ಟೋಸ್ಟಿರಾನ್ ಎಂಬ ಗಂಡು ಹಾರ್ಮೋನು ತಯಾರಿಸುವುದು. ಅದು ಆ ನಾಳಕ್ಕೆ ಹೋಗುವುದೇ ಇಲ್ಲ. ನೇರವಾಗಿ ರಕ್ತಕ್ಕೆ ಸೇರಿ ಮೈಯೆಲ್ಲ ಸುತ್ತುತ್ತದೆ. ಹೋರಿಯ ದಪ್ಪ ಕುತ್ತಿಗೆ, ಎತ್ತರದ ಹಿಣಿಲು, ಗುಟುರು, ಕಾದಾಟ, ಬೆದೆಗೆ ಬಂದ ಹಸುವಿನ ಹಿಂದೆ ಬೀಳುವುದು, ಎಲ್ಲವೂ ಈ ಹಾರ್ಮೋನಿನ ಆಟ.

ಪಶುವೈದ್ಯರು ಬರ್ಡಿಜೋ ಇಕ್ಕಳ ಹಾಕಿದಾಗ ಚರ್ಮ ಕೊಯ್ಯುವುದಿಲ್ಲ. ಹೊರಗಿನಿಂದಲೇ ಬೀಜದ ಹುರಿಯನ್ನು ಹಿಸುಕುತ್ತಾರೆ. ಆ ಹುರಿಯೊಳಗೆ ವೀರ್ಯನಾಳ ಮಾತ್ರವಲ್ಲ, ಬೀಜಕ್ಕೆ ರಕ್ತ ತರುವ ನಾಳಗಳೂ ನರಗಳೂ ಇರುತ್ತವೆ. ರಕ್ತ ಸಿಗದ ಬೀಜ ನಾಲ್ಕಾರು ವಾರಗಳಲ್ಲಿ ಕರಗಿ ಚಿಕ್ಕದಾಗುತ್ತದೆ. ಎರಡೂ ಕೆಲಸ ಒಟ್ಟಿಗೆ ನಿಲ್ಲುತ್ತವೆ. ಹಾರ್ಮೋನು ಇಳಿದಂತೆ ಹೋರಿ ಮೆತ್ತಗಾಗುತ್ತದೆ, ಎತ್ತಾಗುತ್ತದೆ.

ಆದರೆ ಇದೆಲ್ಲ ಅದೇ ದಿನ ಆಗುವುದಿಲ್ಲ. ನಾಳದಲ್ಲಿ ಉಳಿದ ವೀರ್ಯಾಣು ಕೆಲವು ವಾರ ಇರಬಹುದು. ಬಲಿತ ಹೋರಿಗೆ ಹಸು ಹಾರುವ ಅಭ್ಯಾಸ ಆಗಿದ್ದರೆ, ಹಾರ್ಮೋನು ಇಳಿದ ಮೇಲೂ ಕೆಲವು ತಿಂಗಳು ಅದು ಹಾರಲು ನೋಡಬಹುದು. ಆದ್ದರಿಂದ ಬೀಜ ಒಡೆಸಿದ ಮೇಲೆ ಸುಮಾರು ಎರಡು ತಿಂಗಳು ಅದನ್ನು ಹಸು, ಕಡಸುಗಳಿಂದ ದೂರ ಕಟ್ಟಿ. ಆರು ವಾರ ಕಳೆದ ಮೇಲೆ ವೈದ್ಯರಿಗೆ ಒಮ್ಮೆ ತೋರಿಸಿ. ಇಕ್ಕಳದಿಂದ ಹುರಿ ಜಾರಿ ಒಂದು ಬೀಜ ಉಳಿದುಬಿಡುವುದೂ ಉಂಟು. ಉಳಿದರೆ ಅದು ಹೋರಿಯೇ.

ಮಿಶ್ರತಳಿಯ ಗಂಡುಗರು ವರ್ಷ ತುಂಬುವ ಹೊತ್ತಿಗೇ ಗಬ್ಬ ಕಟ್ಟಿಸಬಲ್ಲದು. ಅಷ್ಟರೊಳಗೆ ಬೀಜ ಒಡೆಸಿ, ಇಲ್ಲವೇ ಬೇರೆ ಕಟ್ಟಿ. ಕಲ್ಲು, ಕೋಲು ಇಟ್ಟು ಜಜ್ಜುವ ಹಳೆಯ ಪದ್ಧತಿ ಬೇಡವೇ ಬೇಡ, ಅದು ಬರೀ ಹಿಂಸೆ. ಮರಗಟ್ಟಿಸುವ ಇಂಜೆಕ್ಷನ್ನೂ ನೋವಿನ ಔಷಧಿಯೂ ಕೊಡಿ ಎಂದು ವೈದ್ಯರನ್ನು ಕೇಳಿ.

ಈಗ ಮನೆಯ ಮಾತಿಗೆ ಬರೋಣ. ಎರಡು ಮಕ್ಕಳಾದವು, ಇನ್ನು ಸಾಕು ಎಂದಾಗ "ನೀವೇ ಆಪರೇಷನ್ ಮಾಡಿಸಿಕೊಳ್ಳಿ" ಎಂದು ಗಂಡನಿಗೆ ಹೇಳಿದರೆ ಏನು ಉತ್ತರ ಬರುತ್ತದೆ? "ನನ್ನನ್ನು ಎತ್ತು ಮಾಡಬೇಕು ಅಂತಿದ್ದೀಯಾ? ಹೊಲದಲ್ಲಿ ದುಡಿಯೋರು ಯಾರು?" ಅತ್ತೆಯೂ ಅದಕ್ಕೆ ದನಿಗೂಡಿಸುತ್ತಾರೆ. ಮಾತು ಅಲ್ಲಿಗೇ ಮುಗಿಯುತ್ತದೆ.

ಈ ಉತ್ತರ ತಪ್ಪು ಎನ್ನುವುದು ಹಸು ಕಟ್ಟುವ ನಿಮಗೆ ಬೇಗ ಅರ್ಥವಾಗುತ್ತದೆ. ಗಂಡಸರ ಆಪರೇಷನ್ನಿನಲ್ಲಿ ಬೀಜವನ್ನು ಮುಟ್ಟುವುದಿಲ್ಲ. ಅದಕ್ಕೆ ಹೋಗುವ ರಕ್ತನಾಳವನ್ನು ಹಿಸುಕುವುದೂ ಇಲ್ಲ. ವೀರ್ಯಾಣು ಸಾಗುವ ಸಣ್ಣ ನಾಳವನ್ನು ಮಾತ್ರ ಕತ್ತರಿಸಿ ಕಟ್ಟುತ್ತಾರೆ. ಬೀಜದ ಎರಡನೇ ಕೆಲಸ, ಅಂದರೆ ಹಾರ್ಮೋನು ಮಾಡಿ ರಕ್ತಕ್ಕೆ ಸೇರಿಸುವುದು, ಮೊದಲಿನಂತೆಯೇ ನಡೆಯುತ್ತದೆ. ಗಡ್ಡ ಮೀಸೆ, ದನಿ, ಕಸುವು, ಆಸೆ, ದಾಂಪತ್ಯದ ಸುಖ ಯಾವುದೂ ಕಡಿಮೆಯಾಗುವುದಿಲ್ಲ. ವೀರ್ಯವೂ ಬರುತ್ತದೆ, ಅದರಲ್ಲಿ ವೀರ್ಯಾಣು ಇರುವುದಿಲ್ಲ ಅಷ್ಟೆ.

ಇದಕ್ಕೂ ದನಗಳಲ್ಲೇ ಸಾಕ್ಷಿ ಇದೆ. ದೊಡ್ಡ ಫಾರಂಗಳಲ್ಲಿ ಯಾವ ಹಸು, ಎಮ್ಮೆ ಬೆದೆಗೆ ಬಂದಿದೆ ಎಂದು ಪತ್ತೆ ಹಚ್ಚಲು ಟೀಸರ್ ಹೋರಿ ಇಟ್ಟುಕೊಳ್ಳುತ್ತಾರೆ. ಅದಕ್ಕೆ ಮಾಡಿರುವುದು ನಾಳ ಕತ್ತರಿಸುವ ಇದೇ ಬಗೆಯ ಆಪರೇಷನ್. ಅದು ಗುಟುರು ಹಾಕುತ್ತದೆ, ಬೆದೆಯ ಹಸುವನ್ನು ಹುಡುಕುತ್ತದೆ, ಹಾರುತ್ತದೆ. ಗಬ್ಬ ಮಾತ್ರ ನಿಲ್ಲುವುದಿಲ್ಲ. ಆಸೆ ಇಂಗಿಹೋಗುವುದಾದರೆ ಆ ಹೋರಿಯನ್ನು ಈ ಕೆಲಸಕ್ಕೆ ಯಾರೂ ಇಟ್ಟುಕೊಳ್ಳುತ್ತಿರಲಿಲ್ಲ. ಇನ್ನು ದುಡಿಯುವ ಶಕ್ತಿಯ ಮಾತು. ಬೀಜ ಒಡೆಸಿಕೊಂಡ ಎತ್ತೇ ತಲೆತಲಾಂತರದಿಂದ ನಮ್ಮ ನೇಗಿಲು, ಗಾಡಿ ಎಳೆದಿದೆ. ಬೀಜ ಉಳಿದಿರುವ ಗಂಡಸಿನ ಕಸುವಿಗೆ ಏನು ಧಕ್ಕೆ?

ಗಂಡಸರ ಭಯಕ್ಕೆ ಕಾರಣವೇ ಇಲ್ಲ ಎನ್ನಲಾರೆ. ತುರ್ತು ಪರಿಸ್ಥಿತಿಯ ಕಾಲದಲ್ಲಿ, 1976-77ರಲ್ಲಿ, ದೇಶದಲ್ಲಿ ಲಕ್ಷಾಂತರ ಗಂಡಸರಿಗೆ ಈ ಆಪರೇಷನ್ ಆಯಿತು. ಅದರಲ್ಲಿ ಎಷ್ಟೋ ಮಂದಿಗೆ ಬಲವಂತವಾಗಿ ಮಾಡಿಸಿದರು. ಆ ಹೆದರಿಕೆ ಇನ್ನೂ ಮನಸ್ಸಿನಿಂದ ಹೋಗಿಲ್ಲ. ಬಲವಂತ ಅಂದೂ ತಪ್ಪು, ಇಂದೂ ತಪ್ಪು. ಆದರೆ ಆ ಹೆದರಿಕೆಯ ಬೆಲೆ ತೆರುತ್ತಿರುವವರು ಯಾರು? 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ ಶೇ. 37.9 ದಂಪತಿಗಳು ಹೆಂಡತಿಯ ಆಪರೇಷನ್ನನ್ನು ನೆಚ್ಚಿಕೊಂಡಿದ್ದಾರೆ. ಗಂಡನ ಆಪರೇಷನ್ನನ್ನು ನೆಚ್ಚಿಕೊಂಡವರು ಶೇ. 0.3 ಮಾತ್ರ.

ಹೆಂಗಸರ ಆಪರೇಷನ್ನಿಗೆ ಹೊಟ್ಟೆಯ ಒಳಗೆ ಕೈಹಾಕಬೇಕು. ಗಂಡಸರದು ಹಾಗಲ್ಲ. ಆ ಜಾಗಕ್ಕಷ್ಟೇ ಮರಗಟ್ಟಿಸಿ, ಸಣ್ಣ ತೂತು ಮಾಡಿ, ಹೊಲಿಗೆಯಿಲ್ಲದೆ ಅರ್ಧ ಗಂಟೆಯೊಳಗೆ ಮುಗಿಸುತ್ತಾರೆ. ಅದೇ ದಿನ ಮನೆಗೆ ಬರಬಹುದು. ಸರ್ಕಾರಿ ಆಸ್ಪತ್ರೆಯಲ್ಲಿ ಉಚಿತ. ಹೆಂಗಸರಿಗೆ ಭಾರ ಎತ್ತಬೇಡಿ ಎಂದು ವೈದ್ಯರು ಹೇಳಿ ಕಳಿಸುತ್ತಾರೆ, ಆದರೆ ಹಸು ಕೇಳುತ್ತದೆಯೇ? ಆಪರೇಷನ್ ಆದ ವಾರದೊಳಗೇ ಹಾಲಿನ ಕ್ಯಾನು ಹೊತ್ತು ಡೇರಿಗೆ ಬಂದವರು ನಿಮ್ಮ ಸಂಘದಲ್ಲೂ ಇದ್ದಾರೆ.

ಮುಚ್ಚುಮರೆಯಿಲ್ಲದೆ ಹೇಳಬೇಕಾದ ಮಾತುಗಳೂ ಇವೆ. ಇದು ಶಾಶ್ವತ ವಿಧಾನ. ನಾಳವನ್ನು ಮತ್ತೆ ಜೋಡಿಸಿದರೂ ಮಕ್ಕಳಾಗುತ್ತವೆ ಎಂಬ ಖಾತ್ರಿ ಇಲ್ಲ. ಆದ್ದರಿಂದ ಇನ್ನು ಮಕ್ಕಳು ಬೇಡ ಎಂದು ಇಬ್ಬರೂ ಗಟ್ಟಿ ಮಾಡಿಕೊಂಡ ಮೇಲೆಯೇ ಮಾಡಿಸಬೇಕು. ಎತ್ತಿನ ವಿಷಯದಲ್ಲಿ ಹೇಳಿದಂತೆ ಇಲ್ಲೂ ನಾಳದಲ್ಲಿ ಹಳೆಯ ವೀರ್ಯಾಣು ಉಳಿದಿರುತ್ತದೆ. ಮೂರು ತಿಂಗಳು ಬೇರೆ ವಿಧಾನ ಬಳಸಿ, ವೀರ್ಯ ಪರೀಕ್ಷೆ ಮಾಡಿಸಿ, ಸರಿಯಾಗಿದೆ ಎಂದು ವೈದ್ಯರು ಹೇಳಿದ ಮೇಲೆಯೇ ನಿಶ್ಚಿಂತೆ. ಎಷ್ಟೋ ಮನೆಗಳಲ್ಲಿ "ಆಪರೇಷನ್ ಕೆಟ್ಟಿತು" ಎಂಬ ಮಾತು, ಹೆಂಡತಿಯ ಮೇಲೆ ಇಲ್ಲದ ಅನುಮಾನ, ಈ ಮೂರು ತಿಂಗಳು ಕಾಯದ್ದರಿಂದಲೇ ಹುಟ್ಟುತ್ತವೆ.

ಮುಂದಿನ ಸಲ ಪಶುವೈದ್ಯರು ನಿಮ್ಮ ಕೊಟ್ಟಿಗೆಗೆ ಬಂದಾಗ ಎತ್ತಿಗೂ ಟೀಸರ್ ಹೋರಿಗೂ ಏನು ವ್ಯತ್ಯಾಸ ಎಂದು ಗಂಡನ ಎದುರಿಗೇ ಕೇಳಿ. ದನದ ವಿಷಯದಲ್ಲಿ ಅವರ ಮಾತನ್ನು ಮನೆಯ ಗಂಡಸರು ನಂಬುತ್ತಾರೆ. ಆಮೇಲೆ ಆಶಾ ಕಾರ್ಯಕರ್ತೆಯನ್ನು ಮನೆಗೆ ಕರೆದು, ಗಂಡ ಹೆಂಡತಿ ಇಬ್ಬರೂ ಕೂತು ಮಾತಾಡಿ. ಯಾರು ಮಾಡಿಸಿಕೊಳ್ಳಬೇಕು ಎನ್ನುವುದು ನಿಮ್ಮಿಬ್ಬರ ತೀರ್ಮಾನ. ಆದರೆ ಎತ್ತಿನ ಹೆಸರು ಹೇಳಿ ಆ ಮಾತನ್ನು ಅರ್ಧಕ್ಕೇ ನಿಲ್ಲಿಸಲು ಬಿಡಬೇಡಿ.