ಮೂರು ರೂಪಾಯಿ, ಮೂರು ಪ್ರಶ್ನೆ

(1/7)
ಈ ವಾರದ ಸರಣಿ ಪೆಟ್ರೋಲ್–ಡೀಸೆಲ್ ದರದ ಬಗ್ಗೆ. ಸ್ವಲ್ಪ ಉದ್ದ ಇದೆ, ಒಂದು ಟೀ ಹಿಡ್ಕೊಂಡು ಕೂತು ಓದಿ.

ನಾನು ಹೇಳ್ಬೇಕಿರೋದು ಒಂದೇ ಮಾತು. ಬರ ಬಂದೋ ನೆರೆ ಬಂದೋ ಜನ ಸೋತು ಕೂತಿರೋವಾಗ ಸರ್ಕಾರ ಇಂಧನದ ತೆರಿಗೆ ಏರಿಸಿದ್ರೆ, ಜೋರಾಗಿ ಏಟು ಬೀಳೋದು ಆಗಲೇ ಏಟು ತಿಂದೋನಿಗೆ. ಆದ್ರೆ ನಾವು ಅವನ ವಿಷಯ ಬಿಟ್ಟು "ನಿಮ್ಮ ಪಾರ್ಟಿ ಏರಿಸ್ತು, ನಮ್ಮ ಪಾರ್ಟಿ ಇಳಿಸ್ತು" ಅಂತ ಕಿತ್ತಾಡ್ತೀವಿ. ಎರಡು ದಿನ ಮೀಮ್ ಓಡುತ್ತೆ, ಮೂರನೇ ದಿನ ಎಲ್ಲರೂ ಸುಮ್ಮನಾಗ್ತೀವಿ. ಏರಿದ ತೆರಿಗೆ ಮಾತ್ರ ಅಲ್ಲೇ ಇರುತ್ತೆ.

ಹಂಗಾದ್ರೆ ಏನು ಕೇಳ್ಬೇಕು? ಮೂರು ಪ್ರಶ್ನೆ ಇವೆ, ಕೊನೇಲಿ ಹೇಳ್ತೀನಿ. ಮೊದಲು ಲೆಕ್ಕ ನೋಡೋಣ.

(2/7)
2023ರ ಮಳೆಗಾಲ ನೆನಪಿದೆಯಾ? ಕನ್ನಂಬಾಡಿ ಕಟ್ಟೆ ತುಂಬಲಿಲ್ಲ. ಇರೋ ನೀರೂ ಕೆಳಕ್ಕೆ ಹರೀತು. ಸೆಪ್ಟೆಂಬರ್ 23ಕ್ಕೆ ಮಂಡ್ಯ ಬಂದ್ ಆಯ್ತು. ಅದೇ ತಿಂಗಳು ಸರ್ಕಾರ 195 ತಾಲ್ಲೂಕು ಬರಪೀಡಿತ ಅಂತ ಘೋಷಿಸಿತು, ಆಮೇಲೆ ಸೇರಿಸ್ತಾ ಸೇರಿಸ್ತಾ 236ರಲ್ಲಿ 223 ತಾಲ್ಲೂಕು ಆಯ್ತು. ವಿಶ್ವೇಶ್ವರಯ್ಯ ನಾಲೆಯ ಕೊನೆ ಭಾಗ ಅಂದ್ರೆ ನಾವೇ, ಮದ್ದೂರು–ಮಳವಳ್ಳಿ ಕಡೆಯೋರು. ನೀರಿರೋ ವರ್ಷಾನೇ ನಮ್ಮ ಗದ್ದೆಗೆ ನೀರು ತಲುಪೋದು ಕಷ್ಟ, ಇನ್ನು ಬರದ ವರ್ಷ ಕೇಳ್ಬೇಕಾ?

ರಾಜ್ಯ ಸರ್ಕಾರ ಕೇಂದ್ರದ ಹತ್ರ 18,171 ಕೋಟಿ ರೂಪಾಯಿ ಬರ ಪರಿಹಾರ ಕೇಳ್ತು. ಬರಲಿಲ್ಲ ಅಂತ ಸುಪ್ರೀಂ ಕೋರ್ಟ್‌ಗೆ ಹೋಯ್ತು. 2024ರ ಏಪ್ರಿಲ್ ಕೊನೆಗೆ ಬಂದಿದ್ದು 3,454 ಕೋಟಿ. ಅಷ್ಟರೊಳಗೆ ರಾಜ್ಯವೇ ಮೊದಲ ಕಂತು ಅಂತ ರೈತರಿಗೆ ಗರಿಷ್ಠ 2,000 ರೂಪಾಯಿ ಹಾಕಿತ್ತು.

ಇಲ್ಲಿವರೆಗೆ ಎಲ್ಲರಿಗೂ ಗೊತ್ತು. ಮುಂದಿನದನ್ನ ಮರೀತೀವಿ. ಜೂನ್ 4ಕ್ಕೆ ಲೋಕಸಭೆ ಫಲಿತಾಂಶ ಬಂತು. ಜೂನ್ 15ಕ್ಕೆ ರಾಜ್ಯ ಸರ್ಕಾರ ಮಾರಾಟ ತೆರಿಗೆ ಏರಿಸ್ತು. ಪೆಟ್ರೋಲ್ ಮೇಲೆ ಶೇ 25.92 ಇದ್ದಿದ್ದು ಶೇ 29.84 ಆಯ್ತು, ಡೀಸೆಲ್ ಮೇಲೆ ಶೇ 14.3 ಇದ್ದಿದ್ದು ಶೇ 18.4 ಆಯ್ತು. ಬಂಕಿನಲ್ಲಿ ಎರಡೂ ಲೀಟರ್‌ಗೆ ಸುಮಾರು ಮೂರು ರೂಪಾಯಿ ಜಾಸ್ತಿ. ಮುಂಗಾರು ಕಾಲಿಟ್ಟು, ಒಂದು ವರ್ಷ ಬೀಳು ಬಿದ್ದ ಹೊಲಕ್ಕೆ ಟ್ರ್ಯಾಕ್ಟರ್ ಇಳಿಸೋ ಹೊತ್ತು ಅದು.

(3/7)
"ಮೂರು ರೂಪಾಯಿ ತಾನೆ, ಒಂದು ರೀಚಾರ್ಜ್‌ಗೆ ಮುನ್ನೂರು ಕೊಡ್ತೀರಲ್ಲ" ಅಂತಾರೆ. ಸರಿ, ಬಂಕಿನಲ್ಲಿ ಬೈಕ್ ನಿಲ್ಲಿಸ್ಕೊಂಡು ಅಳೆದ್ರೆ ಮೂರು ರೂಪಾಯಿ ಮೂರೇ ರೂಪಾಯಿ. ಗದ್ದೆ ಬದುವಿನ ಮೇಲೆ ನಿಂತು ಅಳೀರಿ.

ಆಗ ಡೀಸೆಲ್ ದರ ಸುಮಾರು 89 ರೂಪಾಯಿ. ಪರಿಹಾರದ ಮೊದಲ ಕಂತು 2,000 ಅಂದ್ರೆ 22 ಲೀಟರ್ ಡೀಸೆಲ್. ಟ್ರ್ಯಾಕ್ಟರ್ ಇಟ್ಕೊಂಡಿರೋ ಯಾರನ್ನ ಬೇಕಾದ್ರೂ ಕೇಳಿ, ಕೆಸರುಗದ್ದೆಗೆ ರೋಟವೇಟರ್ ಹಾಕಿದ್ರೆ ಗಂಟೆಗೆ ನಾಲ್ಕೈದು ಲೀಟರ್ ಕುಡಿಯುತ್ತೆ. ಅಂದ್ರೆ ಒಂದು ಬೆಳೆ ಪೂರ್ತಿ ಕಳ್ಕೊಂಡಿದ್ದಕ್ಕೆ ಬಂದ ಮೊದಲ ದುಡ್ಡು ಐದು ಗಂಟೆ ಟ್ರ್ಯಾಕ್ಟರ್ ಓಡಿಸೋ ಎಣ್ಣೆಗೆ ಸಮ. ಆಮೇಲೆ ಉಳಿದ ಕಂತು ಬಂತು, ನಿಜ. ಆದ್ರೆ ನಿಯಮದ ಪೂರ್ತಿ ಲೆಕ್ಕ ಹಿಡಿದ್ರೂ ಮಳೆಯಾಶ್ರಿತ ಜಮೀನಿಗೆ ಹೆಕ್ಟೇರಿಗೆ 8,500 ರೂಪಾಯಿ. ಎಕರೆಗೆ ಇಳಿಸಿದ್ರೆ 3,400 ಚಿಲ್ಲರೆ, ಡೀಸೆಲ್ ಲೆಕ್ಕದಲ್ಲಿ 38 ಲೀಟರ್.

ಇನ್ನೊಂದು ವಿಷಯ. ಡೀಸೆಲ್ ಮೂರು ರೂಪಾಯಿ ಏರಿದ್ರೆ ಗಂಟೆಗೆ ಹದಿನೈದು ರೂಪಾಯಿ ಖರ್ಚು ಜಾಸ್ತಿ ಆಗಬೇಕು. ಆದ್ರೆ ಟ್ರ್ಯಾಕ್ಟರ್ ಬಾಡಿಗೆ ಹದಿನೈದರ ಲೆಕ್ಕದಲ್ಲಿ ಏರಲ್ಲ, ಐವತ್ತು–ನೂರರ ರೌಂಡ್ ಫಿಗರ್‌ನಲ್ಲಿ ಏರುತ್ತೆ. ಮುಂದೆ ಡೀಸೆಲ್ ಇಳಿದ್ರೂ ಬಾಡಿಗೆ ಇಳಿಯೋದು ಯಾರಾದ್ರೂ ನೋಡಿದೀರಾ?

ಎಣ್ಣೆ ದರ ಏರಿದ್ರೆ ಲಾರಿಯೋರು ಬಾಡಿಗೆ ಏರಿಸ್ತಾರೆ. ಹೋಟೆಲ್‌ನೋರು ಇಡ್ಲಿಗೆ ಐದು ರೂಪಾಯಿ ಸೇರಿಸ್ತಾರೆ. ಕೆಎಸ್‌ಆರ್‌ಟಿಸಿ 2025ರ ಜನವರಿ 5ರಿಂದ ಟಿಕೆಟ್ ದರ ಶೇ 15 ಏರಿಸ್ತು, ಅದಕ್ಕೆ ಕೊಟ್ಟ ಕಾರಣಗಳಲ್ಲಿ ಡೀಸೆಲ್ ಖರ್ಚೂ ಒಂದು. ಎಲ್ಲರೂ ಹೊರೆನ ಪಕ್ಕದೋನ ತಲೆಗೆ ದಾಟಿಸ್ತಾರೆ. ದಾಟಿಸೋಕೆ ಆಗದೋನು ಒಬ್ಬನೇ, ರೈತ. ಕಬ್ಬಿನ ಎಫ್‌ಆರ್‌ಪಿ ಕೇಂದ್ರ ನಿಗದಿ ಮಾಡುತ್ತೆ, ಭತ್ತದ ಬೆಂಬಲ ಬೆಲೆನೂ ಕೇಂದ್ರವೇ. "ಈ ಸಲ ಡೀಸೆಲ್ ಜಾಸ್ತಿ ಆಯ್ತು, ಟನ್‌ಗೆ ನೂರು ಸೇರಿಸಿ ಕೊಡಿ" ಅಂತ ಕೆ.ಎಂ.ದೊಡ್ಡಿ ಫ್ಯಾಕ್ಟರಿ ಮುಂದೆ ನಿಂತು ಕೇಳೋಕಾಗುತ್ತಾ? ಹೊರೆ ಬಂದು ನಿಲ್ಲೋದು ಅವನ ಹೆಗಲ ಮೇಲೇನೆ.

(4/7)
ಈಗ ಕೆಲವರು ಖುಷಿಯಾಗಿರ್ತೀರಾ, "ನೋಡಿದ್ರಾ, ಕಾಂಗ್ರೆಸ್ ಸರ್ಕಾರ!" ಅಂತ. ತಡೀರಿ ಸ್ವಲ್ಪ.

2020ರ ಮಾರ್ಚ್ 14. ಅವತ್ತು ಕೇಂದ್ರ ಗೃಹ ಸಚಿವಾಲಯ ಕೊರೊನಾವನ್ನ ಅಧಿಕೃತವಾಗಿ ವಿಪತ್ತು ಅಂತ ಪರಿಗಣಿಸ್ತು. ಅದೇ ದಿನ ಕೇಂದ್ರ ಸರ್ಕಾರ ಪೆಟ್ರೋಲ್–ಡೀಸೆಲ್ ಮೇಲಿನ ಅಬಕಾರಿ ಸುಂಕ ಲೀಟರ್‌ಗೆ 3 ರೂಪಾಯಿ ಏರಿಸ್ತು. ಮೇ 6ರಿಂದ ಪೆಟ್ರೋಲ್‌ಗೆ ಇನ್ನೂ 10, ಡೀಸೆಲ್‌ಗೆ ಇನ್ನೂ 13 ರೂಪಾಯಿ. ಬಂಕಿನ ಬೋರ್ಡ್ ಮೇಲೆ ಅವತ್ತು ಅದು ಕಾಣಲಿಲ್ಲ, ಯಾಕಂದ್ರೆ ಪ್ರಪಂಚದಲ್ಲಿ ಕಚ್ಚಾ ತೈಲದ ಬೆಲೆ ನೆಲ ಕಚ್ಚಿತ್ತು. ಇಳಿಯಬೇಕಿದ್ದ ದರ ನಮಗೆ ಇಳಿಯಲೇ ಇಲ್ಲ. ಮೇ ತಿಂಗಳ ಆ ಹೆಚ್ಚಳ ಸೆಸ್ ಮತ್ತು ವಿಶೇಷ ಸುಂಕದ ರೂಪದಲ್ಲಿತ್ತು, ಅದರಲ್ಲಿ ರಾಜ್ಯಗಳಿಗೆ ಪಾಲೂ ಇಲ್ಲ. ಇತ್ತ ಯಡಿಯೂರಪ್ಪನವರ ಸರ್ಕಾರ ಬಜೆಟ್‌ನಲ್ಲಿ ಹೇಳಿದಂತೆ ಏಪ್ರಿಲ್ 1ರಿಂದ ರಾಜ್ಯದ ತೆರಿಗೆನೂ ಏರಿಸಿತ್ತು: ಪೆಟ್ರೋಲ್ ಶೇ 32ರಿಂದ 35, ಡೀಸೆಲ್ ಶೇ 21ರಿಂದ 24.

ಕೇಂದ್ರ ಮತ್ತೆ ಇಳಿಸಿದ್ದು ಯಾವಾಗ? 2021ರ ನವೆಂಬರ್‌ನಲ್ಲಿ, ದೀಪಾವಳಿ ಹಿಂದಿನ ದಿನ. ಆಗ ರಾಜ್ಯ ಸರ್ಕಾರನೂ ತನ್ನ ಪಾಲಿನದು 7 ರೂಪಾಯಿ ಇಳಿಸ್ತು. ಅಷ್ಟೊತ್ತಿಗೆ ಬೆಂಗಳೂರಲ್ಲಿ ಪೆಟ್ರೋಲ್ ನೂರು ದಾಟಿ ತಿಂಗಳುಗಳೇ ಆಗಿತ್ತು.

ಅಂದ್ರೆ ವಿಪತ್ತಿನ ಹೊತ್ತಲ್ಲಿ ಇಂಧನಕ್ಕೆ ಕೈ ಹಾಕೋದು ಒಂದು ಪಕ್ಷದ ಚಾಳಿ ಅಲ್ಲ. ಖಜಾನೆ ಖಾಲಿಯಾದಾಗ ಎಲ್ಲ ಸರ್ಕಾರಕ್ಕೂ ಸುಲಭವಾಗಿ ಸಿಗೋ ಕೊಬ್ಬರಿ ಗಿಟುಕು ಇದು. ಪೆಟ್ರೋಲ್, ಡೀಸೆಲ್ ಜಿಎಸ್‌ಟಿ ಒಳಗಿಲ್ಲ, ಹಾಗಾಗಿ ಕೌನ್ಸಿಲ್‌ನಲ್ಲಿ ಕೂತು ಯಾರನ್ನೂ ಒಪ್ಪಿಸಬೇಕಾಗಿಲ್ಲ. ಒಂದು ಅಧಿಸೂಚನೆ ಸಾಕು. ಬೆಳಗ್ಗೆ ಏಳೋಷ್ಟರಲ್ಲಿ ಬೋರ್ಡ್ ಬದಲಾಗಿರುತ್ತೆ.

(5/7)
"ನಾವು ಕೂಗಿದ್ರೆ ಏನಾಗುತ್ತೆ ಗುರು?" ಅನ್ನೋರಿಗೆ 2018ರ ಕಥೆ.

ಆ ವರ್ಷ ಜುಲೈ 5ರ ಬಜೆಟ್‌ನಲ್ಲಿ ಮುಖ್ಯಮಂತ್ರಿ ಕುಮಾರಸ್ವಾಮಿ ರೈತರ ಸಾಲ ಮನ್ನಾ ಘೋಷಿಸಿ, ದುಡ್ಡು ಹೊಂದಿಸೋಕೆ ಪೆಟ್ರೋಲ್ ತೆರಿಗೆ ಶೇ 30ರಿಂದ 32ಕ್ಕೆ, ಡೀಸೆಲ್ ತೆರಿಗೆ ಶೇ 19ರಿಂದ 21ಕ್ಕೆ ಏರಿಸಿದ್ರು. ಆಗಸ್ಟ್ ಮಧ್ಯದಲ್ಲಿ ಕೊಡಗಿನ ಗುಡ್ಡಗಳು ಕುಸಿದು ಬಿದ್ದವು. ನಮ್ಮ ನಾಲೆಗೆ ನೀರು ಕೊಡೋ ಬೆಟ್ಟಗಳು ಅವು. ಮನೆ, ತೋಟ, ರಸ್ತೆ ಎಲ್ಲ ಮಣ್ಣಲ್ಲಿ ಮುಚ್ಚಿಹೋದವು. ಅದೇ ಹೊತ್ತಿಗೆ ಕಚ್ಚಾ ತೈಲ ದುಬಾರಿಯಾಗಿ, ರೂಪಾಯಿ ಬಿದ್ದು, ಬಂಕಿನ ದರ ದಿನಾ ಏರ್ತಿತ್ತು. ರಾಜ್ಯದ ತೆರಿಗೆ ಶೇಕಡಾ ಲೆಕ್ಕದಲ್ಲಿರೋದ್ರಿಂದ ಮೂಲ ದರ ಏರಿದಂಗೆಲ್ಲ ತೆರಿಗೆನೂ ತಾನಾಗೇ ಏರುತ್ತೆ. ಇದನ್ನ ನೆನಪಿಟ್ಕೊಳಿ.

ಸೆಪ್ಟೆಂಬರ್ 10ಕ್ಕೆ ಕಾಂಗ್ರೆಸ್ ಭಾರತ್ ಬಂದ್ ಕರೀತು. ಕರ್ನಾಟಕದಲ್ಲಿ ಸರ್ಕಾರಿ ಬಸ್ ನಿಂತವು. ಒಂದು ವಾರದಲ್ಲೇ ಬಸ್ ದರ ಶೇ 18 ಏರಿಸೋ ತೀರ್ಮಾನ ಹೊರಬಿತ್ತು. ಆಗ ಸಾರಿಗೆ ಸಚಿವರು ಯಾರು? ನಮ್ಮ ಮದ್ದೂರಿನ ಶಾಸಕರಾಗಿದ್ದ ಡಿ.ಸಿ. ತಮ್ಮಣ್ಣನವರೇ. ಜನ ರೇಗಿದ್ರು, ಮುಖ್ಯಮಂತ್ರಿ ಅದನ್ನ ತಡೆಹಿಡಿದ್ರು. ಸೆಪ್ಟೆಂಬರ್ 17ಕ್ಕೆ ಕಲಬುರಗಿಯಲ್ಲಿ ನಿಂತು ಪೆಟ್ರೋಲ್–ಡೀಸೆಲ್ ಎರಡಕ್ಕೂ 2 ರೂಪಾಯಿ ಇಳಿಸ್ತೀವಿ ಅಂದ್ರು. ಅಕ್ಟೋಬರ್‌ನಲ್ಲಿ ಕೇಂದ್ರನೂ ಸುಂಕ ಒಂದೂವರೆ ರೂಪಾಯಿ ಇಳಿಸ್ತು.

ಕೂಗಿಗೆ ಬೆಲೆ ಇದೆ ಅನ್ನೋದಕ್ಕೆ ಇದೇ ಸಾಕ್ಷಿ. ಆದ್ರೆ ಒಂದು ತಮಾಷೆ ನೋಡಿ. 2018ರಲ್ಲಿ ಬೀದಿಗಿಳಿದ ಕಾಂಗ್ರೆಸ್ 2024ರಲ್ಲಿ ತಾನೇ ಏರಿಸ್ತು. 2020ರಲ್ಲಿ ಏರಿಸಿದ ಬಿಜೆಪಿ 2024ರಲ್ಲಿ ರಾಜ್ಯದ ತುಂಬ ಪ್ರತಿಭಟನೆ ಮಾಡ್ತು. ಭಾಷಣ ಅದೇ, ಮೈಕ್ ಹಿಡಿದ ಕೈ ಮಾತ್ರ ಬೇರೆ. ನಮ್ಮ ಕೋಪನ ಅವರು ಪಾಳಿ ಹಾಕ್ಕೊಂಡು ಬಾಡಿಗೆಗೆ ತಗೋತಾರೆ.

(6/7)
"ಹಂಗಾದ್ರೆ ತೆರಿಗೆನೇ ಬೇಡ್ವಾ? ರಸ್ತೆ, ಆಸ್ಪತ್ರೆ, ಪರಿಹಾರಕ್ಕೆ ದುಡ್ಡೆಲ್ಲಿಂದ ಬರುತ್ತೆ?" ನ್ಯಾಯವಾದ ಪ್ರಶ್ನೆ. 2024ರಲ್ಲಿ ಮುಖ್ಯಮಂತ್ರಿ ಸಿದ್ದರಾಮಯ್ಯನವರು ಹೇಳಿದ್ದೂ ಹೆಚ್ಚುಕಮ್ಮಿ ಇದೇ: ಸಾರ್ವಜನಿಕ ಸೇವೆಗಳಿಗೆ ಹಣ ಬೇಕು, ಏರಿಸಿದ ಮೇಲೂ ಅಕ್ಕಪಕ್ಕದ ಎಷ್ಟೋ ರಾಜ್ಯಗಳಿಗಿಂತ ನಮ್ಮಲ್ಲಿ ದರ ಕಡಿಮೆ ಅಂತ. ತೆರಿಗೆ ಕಟ್ಟೋಕೆ ನನ್ನ ತಕರಾರಿಲ್ಲ. ಅದನ್ನ ಕೇಳೋ ರೀತಿ ಬಗ್ಗೆ ತಕರಾರು.

ಕೊಡಗು ಕುಸಿದ ಅದೇ ಆಗಸ್ಟ್‌ನಲ್ಲಿ, ಅದೇ ಮಳೆಗೆ ಕೇರಳ ಮುಳುಗಿತ್ತು. ಅವರೂ ಜನರ ಹತ್ರ ದುಡ್ಡು ಕೇಳಿದ್ರು. ಹೇಗೆ ಗೊತ್ತಾ? 'ಪ್ರವಾಹ ಸೆಸ್' ಅಂತ ಹೆಸರಿಟ್ಟೇ ಕೇಳಿದ್ರು. ಹೆಚ್ಚು ಜಿಎಸ್‌ಟಿ ಇರೋ ವಸ್ತುಗಳ ಮೇಲೆ ಶೇ 1, ಶೇ 5 ಜಿಎಸ್‌ಟಿ ಇರೋ ಸಾಮಾನಿಗೆ ಇಲ್ಲ. 2019ರ ಆಗಸ್ಟ್ 1ಕ್ಕೆ ಶುರು, 2021ರ ಜುಲೈ 31ಕ್ಕೆ ಬಂದ್. ಅಲ್ಲೂ ವ್ಯಾಪಾರಿಗಳು ವಿರೋಧ ಮಾಡಿದ್ರು. ಆದ್ರೂ ಬಿಲ್ ಹಿಡಿದೋನಿಗೆ ತಾನು ಯಾಕೆ ಕಟ್ತಿದೀನಿ, ಎಲ್ಲಿವರೆಗೆ ಕಟ್ತೀನಿ ಅನ್ನೋದು ಗೊತ್ತಿತ್ತು. ನಮ್ಮ ಮೂರು ರೂಪಾಯಿಗೆ ಹೆಸರೂ ಇಲ್ಲ, ಕೊನೆ ತಾರೀಖೂ ಇಲ್ಲ. ಇಳಿಯೋದಿರಲಿ, 2025ರ ಏಪ್ರಿಲ್ 1ರಿಂದ ಡೀಸೆಲ್ ತೆರಿಗೆ ಮತ್ತೆ ಏರಿ ಶೇ 21.17 ಆಯ್ತು, ಇನ್ನೂ 2 ರೂಪಾಯಿ ಸೇರ್ತು.

ನೊಂದೋರಿಗೆ ರಿಯಾಯಿತಿ ಕೊಡೋದು ಕಷ್ಟ ಅಂತ ಹೇಳೋಕೂ ಆಗಲ್ಲ. ಕರಾವಳಿಯ ಮೀನುಗಾರಿಕೆ ದೋಣಿಗಳಿಗೆ ನಮ್ಮ ಸರ್ಕಾರನೇ ಮಾರಾಟ ತೆರಿಗೆ ಇಲ್ಲದ ಡೀಸೆಲ್ ಕೊಡ್ತಿದೆ. 2023ರ ಬಜೆಟ್‌ನಲ್ಲಿ ಅದರ ಮಿತಿನ ವರ್ಷಕ್ಕೆ ಒಂದೂವರೆ ಲಕ್ಷದಿಂದ 2 ಲಕ್ಷ ಕಿಲೋಲೀಟರ್‌ಗೆ ಏರಿಸಿದ್ರು. ಒಳ್ಳೇದೇ. ಅದಕ್ಕೂ ಮುಂಚೆ ಬೊಮ್ಮಾಯಿಯವರ 2022–23ರ ಬಜೆಟ್‌ನಲ್ಲಿ 'ರೈತ ಶಕ್ತಿ' ಅಂತ ಯೋಜನೆ ಬಂತು: ಡೀಸೆಲ್‌ಗೆ ಎಕರೆಗೆ 250 ರೂಪಾಯಿ, ಐದು ಎಕರೆವರೆಗೆ, ನೇರ ರೈತರ ಖಾತೆಗೆ. ಈಗಿನ ದರದಲ್ಲಿ 250ಕ್ಕೆ ಮೂರು ಲೀಟರ್ ಡೀಸೆಲ್ಲೂ ಬರಲ್ಲ, ಅದು ಬೇರೆ ಮಾತು. ಆದ್ರೆ ದಾರಿ ಸರ್ಕಾರಕ್ಕೆ ಗೊತ್ತಿದೆ. ಫ್ರೂಟ್ಸ್ ಐಡಿ ಇದೆ, ಬ್ಯಾಂಕ್ ಖಾತೆ ಇದೆ, ಬರಪೀಡಿತ ತಾಲ್ಲೂಕಿನ ಪಟ್ಟಿನೂ ಅವರ ಕೈಲೇ ಇದೆ. ಇಲ್ಲದೇ ಇರೋದು ಮನಸ್ಸು ಮಾತ್ರ.

(7/7)
ಇನ್ಮೇಲೆ ಬರನೋ ನೆರೆನೋ ಬಂದು, ಅದರ ಹಿಂದೇನೇ ದರ ಏರಿದ್ರೆ, ಮೀಮ್ ಹಾಕೋಕೆ ಮುಂಚೆ ಈ ಮೂರು ಪ್ರಶ್ನೆ ಕೇಳೋಣ. ರಾಜ್ಯ ಏರಿಸಿದ್ರೂ ಇವೇ, ಕೇಂದ್ರ ಏರಿಸಿದ್ರೂ ಇವೇ.

ಒಂದು: ಈ ತೆರಿಗೆ ಯಾವ ಕೆಲಸಕ್ಕೆ? ಹೆಸರು ಹೇಳಿ.
ಎರಡು: ಯಾವತ್ತು ನಿಲ್ಲುತ್ತೆ? ತಾರೀಖು ಹೇಳಿ.
ಮೂರು: ಬರಪೀಡಿತ, ನೆರೆಪೀಡಿತ ಅಂತ ನೀವೇ ಘೋಷಿಸಿದ ತಾಲ್ಲೂಕಿನ ರೈತನಿಗೆ ಡೀಸೆಲ್‌ನಲ್ಲಿ ಏನು ವಿನಾಯಿತಿ? ಮೊತ್ತ ಹೇಳಿ.

ಮೂರಕ್ಕೂ ಉತ್ತರ ಕೊಟ್ರೆ ಕಟ್ಟೋಣ. ಮೂರಲ್ಲಿ ಒಂದಕ್ಕೂ ಉತ್ತರ ಇಲ್ಲ ಅಂದ್ರೆ, ಪರಿಹಾರ ಅಂತ ಬಲಗೈಲಿ ಕೊಟ್ಟಿದ್ದನ್ನ ಎಡಗೈಲಿ ವಾಪಸ್ ತಗೋತಿದಾರೆ ಅಂತಲೇ ಅರ್ಥ.

ನಮ್ಮ ಕ್ಲಾಸಲ್ಲಿ ಮೂರೂ ಪಾರ್ಟಿ ಅಭಿಮಾನಿಗಳಿದೀರಾ, ನಂಗೊತ್ತು. ಯಾರೂ ಪಾರ್ಟಿ ಬಿಡಬೇಡಿ. ನಿಮ್ಮ ನಿಮ್ಮ ಪಾರ್ಟಿಯೋರು ಓಟು ಕೇಳೋಕೆ ಬಂದಾಗ ಅವರನ್ನೇ ಕೇಳಿ, ಅಷ್ಟು ಸಾಕು. ವಿರೋಧಿನ ಬೈಯೋದು ಸುಲಭ, ನಮ್ಮೋರನ್ನ ಕೇಳೋಕೆ ಗುಂಡಿಗೆ ಬೇಕು.

ಎಲ್ಲೆಲ್ಲಿಂದಲೋ ಜನ ನಮ್ಮೂರಿಗೆ ಬಂದು ಕಾಲಭೈರವೇಶ್ವರನ ಬಸಪ್ಪನ ಮುಂದೆ ನಿಂತು ನ್ಯಾಯ ಕೇಳ್ತಾರೆ. ಬಸಪ್ಪನ ಮುಂದೆ ಅಷ್ಟು ಧೈರ್ಯವಾಗಿ ಪ್ರಶ್ನೆ ಇಡೋ ಊರಿನೋರು ನಾವು, ನಮ್ಮ ಓಟಲ್ಲಿ ಗೆದ್ದೋರ ಮುಂದೆ ಯಾಕೆ ಬಾಯಿ ಕಟ್ಕೊಂಡು ನಿಲ್ಬೇಕು?

ಮೂರು ಪ್ರಶ್ನೆ ಇರೋ ಈ ಕೊನೇ ಪೋಸ್ಟ್‌ನ ಸೇವ್ ಮಾಡ್ಕೊಳಿ. ಮುಂದಿನ ಸಲ ಬೋರ್ಡ್ ಬದಲಾದಾಗ ಬೇಕಾಗುತ್ತೆ.

#ಚಿಕ್ಕರಸಿನಕೆರೆ #ಮದ್ದೂರು #ಮಂಡ್ಯ #ಡೀಸೆಲ್‌ದರ #ಮೂರುಪ್ರಶ್ನೆ