ಹೊಸ ಕಾರು ಮತ್ತು ಪತ್ನಿಯ ಬಳೆ

ಬೆಂಗಳೂರಿನ ಸಹೋದರಿಯೊಬ್ಬರು ಪತ್ರ ಬರೆದಿದ್ದಾರೆ. ಪತಿಗೆ ಕಂಪೆನಿಯ ಮೂಲಕ ದೊರೆತಿದ್ದ ಲೀಸ್ ಕಾರಿನ ನಾಲ್ಕು ವರ್ಷಗಳ ಅವಧಿ ಮುಗಿಯುತ್ತಿದೆ. ಅದನ್ನು ಮರಳಿಸಿ ಚಿಕ್ಕ ಹೈಬ್ರಿಡ್ ಎಸ್‌ಯುವಿ ಕೊಳ್ಳಬೇಕೆಂಬುದು ಪತಿಯ ಆಸೆ. ಮುಂಗಡಕ್ಕೆ ಪತ್ನಿಯ ಬಳೆ, ಉಳಿದದ್ದಕ್ಕೆ ಬ್ಯಾಂಕ್ ಸಾಲ. ಪೆಟ್ರೋಲ್ ಉಳಿತಾಯದಲ್ಲಿ ಬಳೆಯ ಹಣ ಮರಳಿ ಬರುತ್ತದಂತೆ. ಬೇಡವೆಂದರೆ ತಾನು ಪತಿಗೆ ಅವಿಧೇಯಳಾಗುವೆನೇ ಎಂದು ಸಹೋದರಿ ಕೇಳುತ್ತಾರೆ.

ಮೊದಲು ಕಾರಿನ ವಿಷಯ ನೋಡೋಣ. ಹೈಬ್ರಿಡ್‌ನಲ್ಲಿ ಎರಡು ಬಗೆಗಳಿವೆ. ಮೈಲ್ಡ್ ಹೈಬ್ರಿಡ್‌ನಲ್ಲಿ ಸಣ್ಣ ಮೋಟಾರು ಎಂಜಿನ್‌ಗೆ ಸ್ವಲ್ಪ ನೆರವಾಗುತ್ತದೆ, ಅಷ್ಟೆ. ಸ್ಟ್ರಾಂಗ್ ಹೈಬ್ರಿಡ್ ನಿಧಾನ ಸಂಚಾರದಲ್ಲಿ ಬ್ಯಾಟರಿಯಿಂದಲೇ ಓಡಬಲ್ಲದು. ಬ್ರೇಕ್ ಹಾಕಿದಾಗ ಬ್ಯಾಟರಿ ತುಂಬಿಕೊಳ್ಳುತ್ತದೆ, ಪ್ಲಗ್ ಬೇಕಿಲ್ಲ. 2022ರಲ್ಲಿ ಬಂದ ಟೊಯೊಟಾ ಹೈರೈಡರ್ ಮತ್ತು ಮಾರುತಿ ಗ್ರ್ಯಾಂಡ್ ವಿಟಾರಾ ಎರಡೂ ಬಗೆಗಳಲ್ಲಿ ಬಂದವು. ಆದ್ದರಿಂದ ಹೆಸರು ನೋಡಿ ಒಪ್ಪಬಾರದು, ಯಾವ ಬಗೆಯೆಂದು ಕೇಳಬೇಕು. ಇವುಗಳ ಸ್ಟ್ರಾಂಗ್ ಹೈಬ್ರಿಡ್‌ನಲ್ಲಿ ಬ್ಯಾಟರಿ ಹಿಂಭಾಗದಲ್ಲಿರುವುದರಿಂದ ಸಾಮಾನಿಗೆ ಜಾಗ ಕಡಿಮೆ. ಊರಿಗೆ ಹೊರಡುವ ದಿನದ ಚೀಲಗಳನ್ನು ನೆನಪಿಸಿಕೊಂಡೇ ನೋಡಿರಿ.

ಇನ್ನು ಉಳಿತಾಯ. ವರ್ಷಕ್ಕೆ 10,000 ಕಿ.ಮೀ. ಓಡಾಟ, ಪೆಟ್ರೋಲ್ ಲೀಟರಿಗೆ 100 ರೂಪಾಯಿ ಎಂದಿಟ್ಟುಕೊಳ್ಳಿ. ನಗರದ ದಟ್ಟಣೆಯಲ್ಲಿ ಸಾಮಾನ್ಯ ಕಾರು ಲೀಟರಿಗೆ 12.5 ಕಿ.ಮೀ., ಹೈಬ್ರಿಡ್ 20 ಕಿ.ಮೀ. ಕೊಟ್ಟರೆ ವರ್ಷಕ್ಕೆ 30,000 ರೂಪಾಯಿ ಉಳಿಯುತ್ತದೆ. ಬೆಲೆಯ ಅಂತರ 3 ಲಕ್ಷವಾದರೆ ಅದು ಸರಿಹೋಗಲು ಹತ್ತು ವರ್ಷ ಬೇಕು. ಓಡಾಟ ಎರಡರಷ್ಟಿದ್ದರೆ ಐದು ವರ್ಷ. ಸಾಲದ ಬಡ್ಡಿ ಸೇರಿದರೆ ಈ ಲೆಕ್ಕವೂ ನಿಲ್ಲದು. 2025ರ ಸೆಪ್ಟೆಂಬರ್ 22ರಿಂದ ಜಿಎಸ್‌ಟಿ ಚಿಕ್ಕ ಪೆಟ್ರೋಲ್ ಕಾರುಗಳಿಗೆ ಶೇ. 18ಕ್ಕೆ ಇಳಿದಿದೆ, ಆದರೆ ನಾಲ್ಕು ಮೀಟರ್‌ಗಿಂತ ಉದ್ದದ ಹೈಬ್ರಿಡ್‌ಗಳಿಗೆ ಶೇ. 40 ಇದೆ.

ಈಗ ಬಳೆಯ ವಿಷಯ. ಮಹ್ರ್ ಆಗಿ ಬಂದ ಚಿನ್ನ ಪತ್ನಿಯ ಸೊತ್ತು. ಅವಳು ಮನಃಪೂರ್ವಕವಾಗಿ ಬಿಟ್ಟುಕೊಟ್ಟರೆ ಮಾತ್ರ ಪತಿ ಅದನ್ನು ಬಳಸಬಹುದೆಂದು ಅನ್ನಿಸಾ ಅಧ್ಯಾಯದ 4ನೇ ಸೂಕ್ತ ತಿಳಿಸುತ್ತದೆ. ತವರಿನಿಂದ ಬಂದದ್ದೂ ಅವಳದ್ದೇ. ಬೇಡವೆನ್ನುವುದು ಅವಿಧೇಯತೆಯಲ್ಲ. ಇಂತಹ ಸಂದರ್ಭದಲ್ಲಿ ಹಝ್ರತ್ ಖದೀಜಾ(ರ)ರ ಉದಾಹರಣೆ ಕೊಡುವವರಿದ್ದಾರೆ. ಅವರು ಸ್ವಇಚ್ಛೆಯಿಂದ ಕೊಟ್ಟರು, ಸತ್ಯದ ಮಾರ್ಗಕ್ಕೆ ಕೊಟ್ಟರು, ವಾಹನದ ಮುಂಗಡಕ್ಕಲ್ಲ. ಕೊಡಲು ಮನಸ್ಸಿದ್ದರೆ ಕರ್ಝೆ ಹಸನ್ ಆಗಿ ಕೊಡಬಹುದು. ಆಗ ಅಲ್‌ಬಕರಾ ಅಧ್ಯಾಯದ 282ನೇ ಸೂಕ್ತ ಕಲಿಸಿದಂತೆ ಬರೆದಿಡಿ, ಸಾಕ್ಷಿಗಳಿರಲಿ. ಗಂಡ ಹೆಂಡಿರ ನಡುವೆ ಬರಹವೇಕೆ ಎಂದು ಸಂಕೋಚಪಡಬೇಕಿಲ್ಲ. ಬರಹ ಪ್ರೀತಿಯನ್ನು ಕಾಪಾಡುತ್ತದೆ.

ಬಡ್ಡಿಯ ಸಾಲಕ್ಕೆ ಬದಲಿ ದಾರಿ ನಮ್ಮ ದೇಶದಲ್ಲಿ ಕಿರಿದು. ಇಸ್ಲಾಮೀ ಬ್ಯಾಂಕಿಂಗ್ ಪ್ರಸ್ತಾವವನ್ನು ರಿಸರ್ವ್ ಬ್ಯಾಂಕ್ 2017ರಲ್ಲಿ ಕೈಬಿಟ್ಟಿತು. ಆದರೆ ದಾರಿಯೇ ಇಲ್ಲವೆಂದಲ್ಲ. ಲೀಸ್ ಎಂದರೆ ಬಾಡಿಗೆ, ಫಿಕ್‌ಹ್‌ನಲ್ಲಿ ಇಜಾರಾ. ಇಷ್ಟು ವರ್ಷ ಬಾಡಿಗೆ ಕಟ್ಟಿದರೂ ಕಾರು ನಿಮ್ಮದಾಗಿಲ್ಲ ನಿಜ. ಆದರೆ ಕರಾರಿನಲ್ಲಿ ಅವಕಾಶವಿದ್ದರೆ ಅದೇ ಕಾರನ್ನು ಉಳಿದ ಬೆಲೆಗೆ ಕೊಳ್ಳಬಹುದು. ಅದು ಹೇಗೆ ಓಡಿದೆ, ಎಲ್ಲಿ ರಿಪೇರಿಯಾಗಿದೆ ಎಂದು ನಿಮಗಿಂತ ಚೆನ್ನಾಗಿ ಬಲ್ಲವರಾರು? ಇಲ್ಲವೇ ಕೈಯಲ್ಲಿರುವ ಹಣಕ್ಕೆ ಹಳೆಯದೊಂದು ಚಿಕ್ಕ ಕಾರು ಸಾಕು. ಲೀಸ್‌ಗೆಂದು ಸಂಬಳದಲ್ಲಿ ಕಡಿತವಾಗುತ್ತಿದ್ದ ಹಣ ಇನ್ನು ಕೈಗೆ ಬರುತ್ತದೆ. ಅದನ್ನು ತಿಂಗಳು ತಿಂಗಳು ತೆಗೆದಿಟ್ಟರೆ ಹೈಬ್ರಿಡ್‌ನ ಆಸೆಯೂ ಒಂದು ದಿನ ಕೈಗೂಡೀತು.

ಸಹೋದರಿ, ವಿಶ್ವಾಸಿಗಳು ತಮ್ಮ ವ್ಯವಹಾರಗಳನ್ನು ಪರಸ್ಪರ ಸಮಾಲೋಚನೆಯಿಂದ ನಡೆಸುತ್ತಾರೆಂದು ಕುರ್‌ಆನ್ ಪ್ರಶಂಸಿಸಿದೆ. ಸಂಸಾರವೂ ಅಂತಹ ವ್ಯವಹಾರವೇ. ಇಬ್ಬರೂ ಕಾಗದ ಪೆನ್ನು ಹಿಡಿದು ಕುಳಿತುಕೊಳ್ಳಿ. ವರ್ಷಕ್ಕೆ ಎಷ್ಟು ಕಿ.ಮೀ. ಓಡಾಟ ಎಂಬುದನ್ನು ಮೊದಲು ಬರೆಯಿರಿ, ಬಳೆಯ ಮಾತು ಆಮೇಲೆ ಬರಲಿ. ಅಲ್ಲಾಹನು ನಿಮ್ಮ ಸಂಪಾದನೆಯಲ್ಲೂ ಸಂಸಾರದಲ್ಲೂ ಬರ್ಕತ್ ದಯಪಾಲಿಸಲಿ.