ಎಣ್ಣೆಯನ್ನೂ ಉಣ್ಣುವ ಎಂಜಿನ್

ಊರಿಗೆಲ್ಲ ಒಂದು ದಾರಿಯಾದರೆ ಎಡವಟ್ಟನಿಗೇ ಒಂದು ದಾರಿ ಎಂಬ ಗಾದೆ ಎಂಜಿನ್‌ಗಳ ಪ್ರಪಂಚಕ್ಕೂ ಒಪ್ಪುತ್ತದೆ. ಅಲ್ಲಿನ ಎಡವಟ್ಟನೆಂದರೆ ರೋಟರಿ ಎಂಜಿನ್. ಉಳಿದ ಕಾರುಗಳಲ್ಲಿ ಪಿಸ್ಟನ್ ಮೇಲಕ್ಕೂ ಕೆಳಕ್ಕೂ ಓಡಾಡಿದರೆ ಇದರಲ್ಲಿ ಪಿಸ್ಟನ್ನೂ ಇಲ್ಲ, ಕವಾಟವೂ ಇಲ್ಲ. ಎರಡು ಬೀಜದ ಕಡಲೆಕಾಯಿಯ ಆಕಾರದ ಕೋಣೆಯೊಳಗೆ ಉಬ್ಬು ಬದಿಗಳ ತ್ರಿಕೋನವೊಂದು ಗಿರಗಿರನೆ ಸುತ್ತುತ್ತದೆ, ಅಷ್ಟೇ.

ಇದರ ಜನಕ ಜರ್ಮನಿಯ ಫೆಲಿಕ್ಸ್ ವಾಂಕೆಲ್. ಅಲ್ಲಿನ ಎನ್‌ಎಸ್‌ಯು ಕಂಪನಿಯಲ್ಲಿ ಮೊದಲ ಮಾದರಿ 1957ರಲ್ಲಿ ಓಡಿತು. ಹಲವು ಕಂಪನಿಗಳು ಪರವಾನಗಿ ಪಡೆದು ಕೈಸುಟ್ಟುಕೊಂಡವು. ಪಟ್ಟು ಬಿಡದೆ ಉಳಿದದ್ದು ಜಪಾನಿನ ಮಜ್ದಾ. ಅದರ ಆರ್‌ಎಕ್ಸ್-7 ಎಂಬ ಕ್ರೀಡಾ ಕಾರು 1978ರಿಂದ 2002ರವರೆಗೆ ಮೂರು ಪೀಳಿಗೆಗಳಲ್ಲಿ ಬಂತು. ಅಮೆರಿಕ, ಬ್ರಿಟನ್, ಜಪಾನ್‌ಗಳಲ್ಲಿ ಈಗಲೂ ಅನೇಕರು ಅವನ್ನು ಮಕ್ಕಳಂತೆ ಸಾಕುತ್ತಿದ್ದಾರೆ. ಅವರಲ್ಲಿ ಇಬ್ಬರು ಸೇರಿದರೆ ಮುಗಿಯದ ಚರ್ಚೆ ಒಂದೇ: ಯಾವ ಪೆಟ್ರೋಲ್ ಹಾಕಬೇಕು, ಯಾವ ಎಣ್ಣೆ ಸುರಿಯಬೇಕು?

ಮೊದಲು ಎಣ್ಣೆಯ ವಿಷಯ. ತ್ರಿಕೋನದ ಮೂರು ಮೂಲೆಗಳಲ್ಲಿ ಎರಡು ಮೂರು ಮಿಲಿಮೀಟರ್ ದಪ್ಪದ ಲೋಹದ ಪಟ್ಟಿಗಳಿವೆ. ಇವೇ ಅಪೆಕ್ಸ್ ಸೀಲ್‌ಗಳು. ಒಂದು ಕೋಣೆಯ ಅನಿಲ ಪಕ್ಕದ ಕೋಣೆಗೆ ನುಸುಳದಂತೆ ಕಾಯುವ ದ್ವಾರಪಾಲಕರು. ಇವು ಗೋಡೆಯನ್ನು ಸದಾ ಉಜ್ಜುತ್ತಲೇ ಸಾಗಬೇಕು. ಪಿಸ್ಟನ್ ಎಂಜಿನ್‌ನಲ್ಲಿ ಸಿಲಿಂಡರಿನ ಗೋಡೆಗೆ ಕೆಳಗಿನಿಂದ ಎಣ್ಣೆ ಸಿಡಿಯುತ್ತದೆ. ಇಲ್ಲಿ ಆ ಅನುಕೂಲವಿಲ್ಲ. ಆದ್ದರಿಂದ ಮಜ್ದಾ ಎಂಜಿನಿಯರುಗಳು ಒಂದು ಪುಟ್ಟ ಪಂಪನ್ನು ಇಟ್ಟರು. ಅದು ತಳದ ತೊಟ್ಟಿಯಿಂದ ಎಣ್ಣೆಯನ್ನು ಅಳೆದು ಹನಿಹನಿಯಾಗಿ ದಹನಕೋಣೆಗೆ ಕಳಿಸುತ್ತದೆ. ಆ ಎಣ್ಣೆ ಸೀಲನ್ನು ತೋಯಿಸಿ, ಪೆಟ್ರೋಲ್ ಜೊತೆಗೇ ಉರಿದು ಹೋಗುತ್ತದೆ.

ಬೇರೆ ಕಾರು ಎಣ್ಣೆ ಕುಡಿದರೆ ಅದು ಕಾಯಿಲೆ. ಇದು ಕುಡಿದರೆ ಆರೋಗ್ಯ. ಹೊಸದಾಗಿ ಕೊಂಡವರು ಎಣ್ಣೆ ಇಳಿಯಿತೆಂದು ಗಾಬರಿಯಾಗುವುದುಂಟು. ನಿಜವಾಗಿ ಗಾಬರಿಯಾಗಬೇಕಾದದ್ದು ಸಾವಿರಾರು ಕಿಲೋಮೀಟರ್ ಓಡಿದ ಮೇಲೂ ಎಣ್ಣೆ ಒಂದಿಷ್ಟೂ ಇಳಿಯದಿದ್ದಾಗ. ಆಗ ಪಂಪ್ ನಿಂತಿರಬಹುದು, ಅದರ ಸಣ್ಣ ಕೊಳವೆಗಳು ಒಣಗಿ ಬಿರಿದಿರಬಹುದು. ಮೂವತ್ತು ನಲವತ್ತು ವರ್ಷದ ಕಾರಿನಲ್ಲಿ ಇದು ಅಪರೂಪವಲ್ಲ.

ಉರಿಯಲೆಂದೇ ಹೋಗುವ ಎಣ್ಣೆಯನ್ನು ಆರಿಸುವಾಗ ಡಬ್ಬದ ಮೇಲಿನ ಬೆಲೆಗಿಂತ ಅದು ಬಿಡುವ ಬೂದಿ ಮುಖ್ಯ. ಕಾರಿನ ಎಣ್ಣೆಗಳಲ್ಲಿ ಕ್ಯಾಲ್ಸಿಯಂ, ಸತುಗಳ ಸಂಯುಕ್ತಗಳನ್ನು ಬೆರೆಸಿರುತ್ತಾರೆ. ತೊಟ್ಟಿಯಲ್ಲಿ ಅವು ಉಪಕಾರಿ. ಉರಿದಾಗ ಲೋಹದ ಬೂದಿ. ಆ ಬೂದಿ ಸೀಲ್ ಕೂರುವ ಗಾಡಿಯಲ್ಲಿ ಸೇರಿಕೊಂಡರೆ ಸೀಲ್ ಅಲುಗಾಡದೆ ಅಂಟಿಕೊಳ್ಳುತ್ತದೆ, ಒತ್ತಡ ಸೋರುತ್ತದೆ. ಸಿಂಥೆಟಿಕ್ ಎಣ್ಣೆ ರೋಟರಿಗೆ ವಿಷ ಎಂಬ ಹಳೆಯ ಮೆಕ್ಯಾನಿಕ್‌ಗಳ ಮಾತು ಹುಟ್ಟಿದ್ದು ಈ ಭಯದಿಂದ. ಆದರೆ ಸಿಂಥೆಟಿಕ್ ಎಂಬುದು ಒಂದು ಪದಾರ್ಥದ ಹೆಸರಲ್ಲ. ಸ್ವಚ್ಛವಾಗಿ ಉರಿಯುವ ಸಿಂಥೆಟಿಕ್ಕೂ ಉಂಟು, ಕಿಟ್ಟ ಕಟ್ಟುವ ಖನಿಜ ಎಣ್ಣೆಯೂ ಉಂಟು. ತಯಾರಕರ ವಿವರಪತ್ರದಲ್ಲಿ ಸಲ್ಫೇಟೆಡ್ ಬೂದಿಯ ಶೇಕಡಾವಾರು ಬರೆದಿರುತ್ತದೆ. ಸಾಮಾನ್ಯ ಕಾರು ಎಣ್ಣೆಗಳಲ್ಲಿ ಅದು ಶೇಕಡ 1ರ ಆಸುಪಾಸು. ಕಡಿಮೆ ಇದ್ದಷ್ಟು ಲೇಸು. ಸ್ನಿಗ್ಧತೆಗೆ ಹವೆಯೇ ಅಳತೆಗೋಲು: ತಂಪು ನಾಡಿಗೆ 10ಡಬ್ಲ್ಯು-30, ಬಿಸಿ ನಾಡಿಗೆ 20ಡಬ್ಲ್ಯು-50 ಹಾಕುವುದು ವಾಡಿಕೆ.

ಇನ್ನೂ ಒಂದು ಉಪಾಯ ಬಳಕೆಯಲ್ಲಿದೆ. ಮೈಸೂರಿನಲ್ಲಿ 1996ರವರೆಗೆ ತಯಾರಾಗುತ್ತಿದ್ದ ಯೆಜ್ದಿ ಓಡಿಸಿದವರಿಗೆ ಅದು ಹೊಸದೇನಲ್ಲ. ಟೂ-ಸ್ಟ್ರೋಕ್ ಎಣ್ಣೆಯನ್ನು ಪೆಟ್ರೋಲಿಗೇ ಬೆರೆಸುವುದು! ಈ ಎಣ್ಣೆ ಉರಿಯಲೆಂದೇ ತಯಾರಾದದ್ದು, ಬೂದಿ ಅತ್ಯಲ್ಪ. ಮಜ್ದಾದ ಪಂಪ್ ಸರಿಯಾಗಿದ್ದರೂ ಹೆಚ್ಚಿನ ರಕ್ಷಣೆಗೆಂದು ಅಮೆರಿಕದ ಮಾಲೀಕರು ಗ್ಯಾಲನ್ನಿಗೆ ಸುಮಾರು 1 ಔನ್ಸ್ ಬೆರೆಸುತ್ತಾರೆ. ನಮ್ಮ ಲೆಕ್ಕದಲ್ಲಿ ಲೀಟರಿಗೆ 8 ಮಿಲಿಲೀಟರ್. 40 ಲೀಟರಿಗೆ 320. ಪಂಪನ್ನೇ ಕಿತ್ತುಹಾಕಿದವರು ಇನ್ನೂ ಹೆಚ್ಚು ಬೆರೆಸಲೇಬೇಕು, ಒಂದು ಸಲವೂ ಮರೆಯುವಂತಿಲ್ಲ. ಹಾಗೆಂದು ಕೈ ಸಡಿಲಬಿಟ್ಟರೆ ಹೊಗೆ ಹೆಚ್ಚುತ್ತದೆ, ಸ್ಪಾರ್ಕ್ ಪ್ಲಗ್ ಮಸಿ ಹಿಡಿಯುತ್ತದೆ, ಪೆಟ್ರೋಲಿನ ಆಕ್ಟೇನ್ ಕೂಡ ತುಸು ಇಳಿಯುತ್ತದೆ.

ಆಕ್ಟೇನ್ ಎಂದರೇನು? ಹೆಚ್ಚು ಆಕ್ಟೇನ್ ಎಂದರೆ ಹೆಚ್ಚು ಶಕ್ತಿ ಎಂದು ಬಹಳ ಮಂದಿ ತಿಳಿದಿದ್ದಾರೆ. ಅದು ಶಕ್ತಿಯ ಅಳತೆಯಲ್ಲ, ಸಹನೆಯ ಅಳತೆ. ಜ್ವಾಲೆ ತಲುಪುವ ಮುನ್ನವೇ ಒತ್ತಡ ಮತ್ತು ಬಿಸಿಗೆ ತಾನಾಗಿ ಸಿಡಿಯದೆ ತಾಳುವ ಗುಣ. ಹಾಗೆ ಅಕಾಲದಲ್ಲಿ ಸಿಡಿಯುವುದೇ ನಾಕಿಂಗ್. ಪಿಸ್ಟನ್ ಎಂಜಿನ್‌ನಲ್ಲಿ ಕೆಂಪಗೆ ಕಾದ ನಿಷ್ಕಾಸ ಕವಾಟ ಇದಕ್ಕೆ ಕುಮ್ಮಕ್ಕು ಕೊಡುತ್ತದೆ. ರೋಟರಿಯಲ್ಲಿ ಕವಾಟವೇ ಇಲ್ಲ. ಗಾಳಿ ಒಳಬರುವ ಜಾಗ ಬೇರೆ, ಉರಿಯುವ ಜಾಗ ಬೇರೆ. ಹೀಗಾಗಿ ಟರ್ಬೊ ಇಲ್ಲದ ಆರ್‌ಎಕ್ಸ್-7ಗೆ ಸಾಧಾರಣ ಪೆಟ್ರೋಲ್ ಸಾಕು. ಅಮೆರಿಕದ ಕೈಪಿಡಿ ಹೇಳುವುದು 87. ಯೂರೋಪಿನವರು ಅದೇ ಪೆಟ್ರೋಲನ್ನು ಸುಮಾರು 91 ಎನ್ನುತ್ತಾರೆ. ಅಳೆಯುವ ಪದ್ಧತಿ ಬೇರೆ, ದ್ರವ ಒಂದೇ.

ಟರ್ಬೊ ಇದ್ದರೆ ಕಥೆ ತಿರುವುಮುರುವು. 1991ರಿಂದ ಬಂದ ಮೂರನೆಯ ಪೀಳಿಗೆಗೆ ಅವಳಿ ಟರ್ಬೊ. ಅದುಮಿ ತುಂಬಿದ ಗಾಳಿ ಮೊದಲೇ ಬಿಸಿ. ಅಲ್ಲಿ ಕಡಿಮೆ ಆಕ್ಟೇನ್ ಹಾಕಿ ಒಮ್ಮೆ ಜೋರಾಗಿ ನಾಕ್ ಆದರೂ ಆ ತೆಳು ಸೀಲ್ ಸೀಳಬಹುದು. ಚೂರು ಗೋಡೆಯನ್ನು ಗೀರಿ, ಹೊರಹೋಗುವ ದಾರಿಯಲ್ಲಿ ಟರ್ಬೊದ ಚಕ್ರವನ್ನೂ ಮುರಿಯಬಹುದು. ಲೀಟರಿಗೆ ಕೆಲವು ಕಾಸು ಉಳಿಸಲು ಹೋಗಿ ಎಂಜಿನ್ನನ್ನೇ ಕಳೆದುಕೊಂಡಂತೆ.

ಬ್ರಿಟನ್ನಿನ ಮಾಲೀಕರಿಗೆ ಈಗ ಇನ್ನೊಂದು ಇಕ್ಕಟ್ಟು. 2021ರ ಸೆಪ್ಟೆಂಬರಿನಿಂದ ಅಲ್ಲಿನ ಸಾಧಾರಣ ಪೆಟ್ರೋಲ್ ಇ10, ಅಂದರೆ ಶೇಕಡ 10ರವರೆಗೆ ಎಥೆನಾಲ್ ಬೆರೆತದ್ದು. ಎಥೆನಾಲ್ ನೀರನ್ನು ಹೀರುತ್ತದೆ, ಹಳೆಯ ರಬ್ಬರ್ ಕೊಳವೆಗಳನ್ನು ಮೆತ್ತಗಾಗಿಸುತ್ತದೆ. ತಿಂಗಳುಗಟ್ಟಲೆ ನಿಂತೇ ಇರುವ ಕಾರಿಗೆ ಇದು ಹಿತವಲ್ಲ. ಶೇಕಡ 5ರ ಮಿತಿಯ ಇ5 ಸಿಗುವುದು ದುಬಾರಿ ಸೂಪರ್ ದರ್ಜೆಯಲ್ಲಿ. ಆದ್ದರಿಂದ ಟರ್ಬೊ ಇಲ್ಲದ ಹಳೆಯ ಕಾರಿನವರೂ ಸೂಪರ್ ಕೊಳ್ಳುತ್ತಾರೆ, ಆಕ್ಟೇನ್‌ಗಾಗಿ ಅಲ್ಲ, ಎಥೆನಾಲ್ ಕಡಿಮೆ ಎಂಬುದಕ್ಕಾಗಿ. ಕೊಳವೆಗಳನ್ನು ಹೊಸ ಬಗೆಯವಕ್ಕೆ ಬದಲಿಸಿ, ಕಾರನ್ನು ವಾರಕ್ಕೊಮ್ಮೆಯಾದರೂ ಓಡಿಸುವವರಿಗೆ ಆ ಚಿಂತೆ ಕಡಿಮೆ.

ಇಷ್ಟೆಲ್ಲ ಆದ ಮೇಲೂ ಉಳಿಯುವ ಕೆಲಸ ಸರಳ. ಸೀಲ್‌ಗಳ ಪಕ್ಕದಿಂದ ನುಸುಳಿದ ಪೆಟ್ರೋಲ್ ತೊಟ್ಟಿಯ ಎಣ್ಣೆಯನ್ನು ನೀರಾಗಿಸುತ್ತದೆ. ಅದಕ್ಕೆ 5,000 ಕಿಲೋಮೀಟರಿಗೊಮ್ಮೆ ಎಣ್ಣೆ ಬದಲಿಸಬೇಕು. ಒಂದು ಬಿಟ್ಟು ಒಂದು ಸಲ ಪೆಟ್ರೋಲ್ ತುಂಬಿಸುವಾಗ ಅಳತೆಕಡ್ಡಿ ಎಳೆದು ನೋಡಬೇಕು. ತುಸು ಇಳಿದಿದ್ದರೆ ಅಷ್ಟನ್ನು ತುಂಬಿ, ನಿಶ್ಚಿಂತೆಯಿಂದ ಹೊರಡಬಹುದು.